ಕುರ್ಲಾ ಕಲ್ಲು, ಬೆಂಗಳೂರಿನ ಗ್ರಾನೈಟು

ನಿಮ್ಮ ಮಗಳು ಆರ್ಕಿಟೆಕ್ಚರ್ ಸೇರುತ್ತಾಳಂತೆ, ಬಹಳ ಸಂತೋಷ. ಕಾಲೇಜು ಶುರುವಾಗುವ ತನಕ ಹೊತ್ತು ಹೋಗದು ಅಂತಾಳೆಯೇ? ಠಾಣೆಯ ಘೋಡಬಂದರ್ ರಸ್ತೆಯಲ್ಲಿದ್ದುಕೊಂಡು! ಮಾಜಿವಾಡದಿಂದ ಕಾಸರವಡವಲಿ ತನಕ ಒಂದು ಸುತ್ತು ಹಾಕಿ ಬರಲಿ. ಒಂದು ಕಡೆ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಗೂ ಸ್ಲ್ಯಾಬಿಗೂ ಒಟ್ಟಿಗೇ ಕಾಂಕ್ರೀಟ್ ಸುರಿಯುತ್ತಿರುತ್ತಾರೆ. ಸೈಟಿನವರ ಬಾಯಲ್ಲಿ ಅದು ಮಿವಾನ್. ಇನ್ನೊಂದು ಕಡೆ ಎಎಸಿ ಬ್ಲಾಕುಗಳ ಲಾರಿ. ಹಾರುಬೂದಿ, ಸುಣ್ಣ, ಸಿಮೆಂಟಿನ ಜೊತೆ ಒಂದಿಷ್ಟೇ ಅಲ್ಯೂಮಿನಿಯಂ ಪುಡಿ ಬಿದ್ದರೆ ಅನಿಲ ಹುಟ್ಟಿ, ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಅದಕ್ಕೇ ಅಷ್ಟು ಹಗುರ.

ಇದೆಲ್ಲ ಕಾಣುವುದು ಕೆಲವೇ ತಿಂಗಳು. ಆಮೇಲೆ ಪುಟ್ಟಿ, ಬಣ್ಣ. ಒಳಗೇನಿದೆ ಯಾರಿಗೂ ತಿಳಿಯದು. ಮನೆಗಾದರೆ ಆಗಲಿ. ವಿಶ್ವವಿದ್ಯಾಲಯದ ಕಟ್ಟಡ ಹಾಗೆ ಮುಚ್ಚಿಕೊಳ್ಳಬಾರದು ಅನ್ನುವುದು ನನ್ನ ಹಟ. ಯಾವುದು ಭಾರ ಹೊತ್ತಿದೆ, ಯಾವುದು ಬರೀ ಅಡ್ಡಗೋಡೆ ಅಂತ ಮಕ್ಕಳಿಗೆ ಓಡಾಡುತ್ತಲೇ ತಿಳಿಯಬೇಕು.

ಅವಳನ್ನು ಮೊದಲು ಫೋರ್ಟಿಗೆ ಕರೆದುಕೊಂಡು ಹೋಗಿ. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯ, ರಾಜಾಬಾಯಿ ಗೋಪುರ ಮುಗಿದದ್ದು 1878ರಲ್ಲಿ. ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲೇ ಕೂತಿದ್ದವರು, ಇತ್ತ ಕಾಲಿಟ್ಟವರಲ್ಲ. ಕಲ್ಲು ಮಾತ್ರ ಇಲ್ಲಿಯದೇ, ನಸುಹಳದಿಯ ಕುರ್ಲಾ ಕಲ್ಲು! ಲೋಕಲ್ ರೈಲಿನಲ್ಲಿ ದಿನಾ ದಾಟಿಹೋಗುವ ಆ ಕುರ್ಲಾ ಒಂದು ಕಾಲದಲ್ಲಿ ಇಷ್ಟು ಚೆಂದದ ಕಲ್ಲು ಕೊಟ್ಟಿತ್ತು. ಕಮಾನು ಸಾಲಿನ ಜಗಲಿಗಳ ನೆರಳು, ತುದಿಯ ಸುರುಳಿ ಮೆಟ್ಟಿಲು, ಎಲ್ಲವನ್ನೂ ನಿಧಾನವಾಗಿ ನೋಡಲಿ.

ಊರಿಗೆ ಹೋದಾಗ ಬೆಂಗಳೂರು. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡದ ಶಿಲ್ಪಿಯೂ ನಮ್ಮ ಮುಂಬಯಿಯವರೇ: ವಿ.ಟಿ. ನಿಲ್ದಾಣ ಕಟ್ಟಿದ ಸ್ಟೀವನ್ಸರ ಮಗ ಸಿ.ಎಫ್. ಸ್ಟೀವನ್ಸ್. ಇಲ್ಲಿಂದ ಹೋದವರು ಅಲ್ಲಿಯ ಬೂದು ಗ್ರಾನೈಟನ್ನೇ ಹಿಡಿದರು. ಬನ್ನೇರುಘಟ್ಟ ರಸ್ತೆಯ ಐಐಎಂ ಅಂತೂ ತಪ್ಪಿಸಲೇಬಾರದು. 1970ರ ದಶಕದಲ್ಲಿ ಬಿ.ವಿ. ದೋಶಿ ರೂಪಿಸಿದ್ದು. ಗಾರೆ ಮೆತ್ತದ ಒರಟು ಗ್ರಾನೈಟ್ ಗೋಡೆ, ಬಣ್ಣ ಕಾಣದ ಕಾಂಕ್ರೀಟ್ ತೊಲೆ, ತೊಲೆಗಳ ಸಂದಿಯಿಂದ ಓಣಿಗಳಿಗೆ ಇಳಿಯುವ ಬಿಸಿಲು. ಕಲ್ಲೆಲ್ಲಿ ಮುಗಿಯಿತು, ಕಾಂಕ್ರೀಟ್ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಬಹುದು. ದೋಶಿಯವರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಓಣಿಗಳೇ.

ಇಲ್ಲೇ ಬಾಳ್ಕುಂನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಠಾಣೆ ಉಪಕೇಂದ್ರವಿದೆಯಲ್ಲ, ಅಲ್ಲಿ ಮುಂದೆ ಏನಾದರೂ ಕಟ್ಟುವುದಾದರೆ ಒಂದು ಗೋಡೆಯನ್ನಾದರೂ ನಮ್ಮ ಕರಿಕಲ್ಲಿನಲ್ಲಿ ಕಟ್ಟಿ, ಗಾರೆ ಮೆತ್ತದೆ ಬಿಡಲಿ. ಅದಕ್ಕಾಗಿ ಯೇವೂರಿನ ಕಾಡಿಗೆ ಕೈಹಚ್ಚಬೇಕಿಲ್ಲ. ಗುಡ್ಡದ ಮಗ್ಗುಲಲ್ಲಿ ಪಾಯ ತೋಡುವಾಗ ಬ್ರೇಕರ್ ಹಚ್ಚಿ ಒಡೆಯುತ್ತಾರಲ್ಲ, ಅದೇ ಕಲ್ಲು. ಅದರಲ್ಲಿ ಒಳ್ಳೆಯ ತುಂಡುಗಳನ್ನು ಆರಿಸಿಟ್ಟುಕೊಂಡರೆ ಸಾಕು.