32 ಡಿಗ್ರಿಯ ಫೋರ್ಮನ್ನರು

ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾದವರಲ್ಲಿ ಎರಡು ಬಗೆ. ಪಿಎಫ್ ದುಡ್ಡಿನಲ್ಲಿ ತೆಂಗಿನ ಸಸಿ ನೆಟ್ಟು ಫ್ಯಾಕ್ಟರಿ ಮರೆತವರು ಒಂದು ಬಗೆ. ಇನ್ನೊಂದು ಬಗೆ ಫೋರ್ಮನ್ನರು. ಅವರಿಗೆ ಬೇರೆ ಹೆಸರೂ ಇರಬಹುದು, ಪಡಿತರ ಚೀಟಿ ನೋಡಬೇಕು. 2006ರಲ್ಲಿ ಮೈಸೂರು ಸಿಮೆಂಟ್ಸ್ ಜರ್ಮನಿಯವರ ಕೈಗೆ ಹೋಯಿತು. ಫೋರ್ಮನ್ನರು ಮಾತ್ರ ಯಾರ ಕೈಗೂ ಸಿಗಲಿಲ್ಲ. ಈಗಲೂ ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಮದುವೆ ಮನೆಗೂ ಹೋಗುವುದಿಲ್ಲ.

ಲೋಕದ ಎಲ್ಲ ಶಾಖವನ್ನೂ ಅವರು ಕಿಲ್ನ್‌ಗೆ ಹೋಲಿಸಿಯೇ ಅಳೆಯುವುದು. ಕ್ಲಿಂಕರ್ ಆಗಲು 1450 ಡಿಗ್ರಿ ಬೇಕು. ಪಕ್ಕದ ಮನೆಯ ಮಗುವಿಗೆ 102 ಜ್ವರ ಅಂದರೆ, "ಅದೂ ಫ್ಯಾರನ್‌ಹೀಟಿನಲ್ಲಾ?" ಎಂದು ಕೇಳಿ, ಆ ತಾಯಿಯ ಕೈಲಿ ಬೈಸಿಕೊಂಡಿದ್ದಾರೆ.

ಇಂಥವರ ಕೈಗೆ ಧನುರ್ಮಾಸದ ಚಳಿಯಲ್ಲಿ ಬೆಂಗಳೂರಿನ ಮೊಮ್ಮಗ ಒಂದು ಪ್ಲಾಸ್ಟಿಕ್ ಡಬ್ಬ ಕೊಟ್ಟು ವಿದೇಶಕ್ಕೆ ಹಾರಿದ. ಒಳಗೆ ಬಾಲ್ ಪೈಥಾನ್. ಪಶ್ಚಿಮ ಆಫ್ರಿಕಾ ಮೂಲದ್ದು, ವಿಷವಿಲ್ಲ, ಹೆದರಿದರೆ ಉಂಡೆಯಾಗಿ ಕೂರುವ ಸಂಕೋಚದ ಪ್ರಾಣಿ. ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಕಾಗದವೂ ಜೊತೆಗಿತ್ತು.

"ತಾತ, ಬೆಚ್ಚಗಿನ ಕಡೆ 32 ಇರಲಿ, ತಣ್ಣಗಿನ ಕಡೆ 26. 35 ದಾಟಬಾರದು."

"ಮೂವತ್ತೆರಡಾ? ಅದು ಶಾಖ ಏನೋ? ನಮ್ ಕ್ಯಾಂಟೀನ್ ಮಜ್ಜಿಗೆ ಅಷ್ಟಿರ್ತಿತ್ತು."

ಆದರೆ ಮೊದಲ ರಾತ್ರಿಯೇ ಗೊತ್ತಾಯಿತು, 1450 ಕಾಯುವುದು ಸುಲಭ, 32 ಕಾಯುವುದೇ ಕಷ್ಟ. ಊರೆಲ್ಲ ಸಲಹೆಗೆ ಬಂತು. ಕೋಳಿಮರಿಗೆ ಕಟ್ಟುವ ಹಾಗೆ ನೂರು ಕ್ಯಾಂಡಲ್ ಬಲ್ಬ್ ಇಳಿಬಿಡಿ ಎಂದರು ಒಬ್ಬರು. ಇನ್ನೊಬ್ಬರು ಚಿಪ್ಪಿನ ಕೆಂಡ ಇಡಿ ಎಂದರು. ಫೋರ್ಮನ್ನರು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಕ್ಲಾಸು ತೆಗೆದುಕೊಂಡರು. ಪ್ಲಾಸ್ಟಿಕ್ ಒಳಗೆ ಬಲ್ಬ್ ಬಿಟ್ಟರೆ ಮುಚ್ಚಳ ಮೆತ್ತಗಾಗಿ ಸೊಟ್ಟಗಾಗುತ್ತೆ. ಹಾವು ಹೋಗಿ ಬಲ್ಬನ್ನೇ ತಬ್ಬಿಕೊಳ್ಳುತ್ತೆ. ಹೊಟ್ಟೆ ಸುಟ್ಟರೂ ಅದು ಬೇಗ ಸರಿದು ಕೂರುವುದಿಲ್ಲ, ಬೆಚ್ಚಗಿದೆ ಅಂತ ಮಲಗೇ ಇರುತ್ತೆ. ಹಾಗಾಗಿ ಹೀಟ್ ಮ್ಯಾಟು ಡಬ್ಬದ ಹೊರಗೆ, ಅಡಿಯಲ್ಲಿ, ತಳದ ಮೂರನೇ ಒಂದು ಭಾಗಕ್ಕೆ ಮಾತ್ರ. ಸೆಕೆಯಾದರೆ ಸರಿದುಹೋಗಲು ಉಳಿದ ಜಾಗ. ಡಬ್ಬ ನೆಲಕ್ಕೆ ಕೂತರೆ ಮ್ಯಾಟಿನ ಶಾಖಕ್ಕೆ ದಾರಿಯಿಲ್ಲ, ನಾಲ್ಕು ಮೂಲೆಗೂ ತೆಂಗಿನ ರೀಪರ್ ತುಂಡು ಕೊಟ್ಟು ಎತ್ತರಿಸಬೇಕು. ಥರ್ಮೋಸ್ಟ್ಯಾಟ್ ಇಲ್ಲದೆ ಮ್ಯಾಟಿನ ಪ್ಲಗ್ಗನ್ನು ಗೋಡೆಗೆ ಹಾಕುವವನು ಅವರ ಪ್ರಕಾರ ಕೊಲೆಗಾರ. ಅದರ ಪ್ರೋಬು ಮ್ಯಾಟಿಗೂ ಡಬ್ಬದ ತಳಕ್ಕೂ ನಡುವೆ ಗಟ್ಟಿಯಾಗಿ ಅಂಟಿರಬೇಕು. ಜಾರಿ ಬಿತ್ತೋ, ಅದು ನೆಲದ ತಂಪು ಅಳೆದುಕೊಂಡು ಮ್ಯಾಟನ್ನು ಕಾಯಿಸುತ್ತಲೇ ಹೋಗುತ್ತೆ. ರಿಲೇ ಅಂಟಿಕೊಂಡರೆ? ಅದಕ್ಕೇ 34ಕ್ಕೆ ಲೈನ್ ಕಡಿಯುವ ಎರಡನೇ ಥರ್ಮೋಸ್ಟ್ಯಾಟು. ಕೆಂಡದವನು ಎದ್ದು ಮನೆಗೆ ಹೋದ.

ಡಬ್ಬಕ್ಕೆ ಹಾಸಲು ಮೊಮ್ಮಗ ಪೇಟೆಯಿಂದ ತಂದ ಪೊಟ್ಟಣ ಬಿಚ್ಚಿದಾಗ ಫೋರ್ಮನ್ನರ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟರು. ತೆಂಗಿನ ನಾರಿನ ಪುಡಿ. "ಹಿತ್ತಲಲ್ಲಿ ಸಿಪ್ಪೆ ಗುಡ್ಡೆ ಬಿದ್ದಿದೆ, ಇದನ್ನ ದುಡ್ಡು ಕೊಟ್ಟು ತಂದವ್ನೆ!" ಅಷ್ಟಕ್ಕೇ ನಿಲ್ಲದೆ, ಹುಳಕ್ಕೆ ಚಳಿಯೆಂದು ಒಂದು ಗೇಣು ಪುಡಿ ಸುರಿದುಬಿಟ್ಟರು. ಫೋರ್ಮನ್ನರು ಹೌಹಾರಿದರು. ನಾರು ಶಾಖವನ್ನು ಕೆಳಗೇ ತಡೆಯುತ್ತೆ, ಹಾವು ಕೊರೆದುಕೊಂಡು ತಳಕ್ಕೆ ಇಳಿದರೆ ಅಲ್ಲಿ ಸುಡುತ್ತೆ. ಮ್ಯಾಟಿನ ಕಡೆ ತೆಳ್ಳಗೆ ಹಾಸಿ ಕೊಟ್ಟರು. ಆಕೆ ಹಾಲೆರೆಯಲು ಬಂದಾಗಲೂ ತಡೆದರು. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ ಎಂಬ ಕಾರಣ ಮನೆಯಲ್ಲಿ ನಡೆಯಲಿಲ್ಲ. "ಶಾರ್ಟ್ ಸರ್ಕ್ಯೂಟ್ ಆಗುತ್ತೆ ಕಣೇ" ಎಂದದ್ದು ನಡೆಯಿತು. ಆದರೂ ಮುಚ್ಚಳದ ಮೇಲೆ ಅರಿಶಿನ ಕುಂಕುಮ ಬಿತ್ತು. ಗಾಳಿಯ ತೂತು ಬಿಟ್ಟು ಇಡು ಎಂಬುದಷ್ಟೇ ಫೋರ್ಮನ್ನರ ಷರತ್ತು.

ಮೂರು ಶಿಫ್ಟಿನ ಲಾಗ್ ಬುಕ್ಕೂ ಬಂತು. 'ಎ' ಶಿಫ್ಟು ಅವರದು, 'ಬಿ' ಶಿಫ್ಟೂ ಅವರದೇ, ರಾತ್ರಿಪಾಳಿ ಹೆಂಡತಿಯದು. ಕಾರಣ ಕೇಳಿದರೆ, ಜೂನಿಯರ್‌ಗಳಿಗೆ ರಾತ್ರಿಪಾಳಿ ಎಂದರು. ತ್ರೀಫೇಸ್ ಬಂದು ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿದು ಡಬ್ಬ 29ಕ್ಕೆ ಇಳಿಯಿತು. ಸ್ಟೆಬಿಲೈಸರ್ ಬಂತು.

ಕೀರ್ತಿ ಹರಡಿತು. ದಂಡಿನಶಿವರದ ಕಡೆಯ ಹುಡುಗನೊಬ್ಬ ಕೊಬ್ಬರಿ ಅಟ್ಟದಲ್ಲಿ ಸಿಕ್ಕ ಕೇರೆಹಾವನ್ನು ಬಿಂದಿಗೆಯಲ್ಲಿ ತಂದು, "ಇದಕ್ಕೂ ಒಂದು ಡಬ್ಬ ಮಾಡ್ಕೊಡಿ" ಎಂದ. "ಈ ನೆಲದ ಹಾವು ಸಾಕಿದರೆ ಅಪರಾಧ ಕಣಪ್ಪ, 1972ರ ವನ್ಯಜೀವಿ ಕಾಯ್ದೆ. ಅರಣ್ಯ ಇಲಾಖೆಗೆ ಫೋನ್ ಮಾಡ್ತೀನಿ, ನೀನು ಬಿಂದಿಗೆ ಕೆಳಗಿಡು. ಅಟ್ಟದಲ್ಲಿ ಇಲಿ ತಿಂತಿದ್ದ ನಿಮ್ಮನೆ ವಾಚ್‌ಮನ್ನನ್ನೇ ಹಿಡ್ಕೊಂಡು ಬಂದಿದೀಯ!"

ಶಿವರಾತ್ರಿ ಕಳೆದು ಹಗಲೇ 34 ಮುಟ್ಟತೊಡಗಿದಾಗ ಮ್ಯಾಟು ಆರಿಸಿ ಡಬ್ಬವನ್ನು ತಂಪಿನ ಕೋಣೆಗೆ ಸಾಗಿಸಿದರು. ಮೊಮ್ಮಗ ಬಂದ. ಲಾಗ್ ಬುಕ್ ಓದಿ ರುಜು ಹಾಕದೆ ಹಾವು ಒಯ್ಯುವ ಹಾಗಿಲ್ಲ ಎಂದಾಯಿತು. ಅವನು ಪುಟ ತಿರುವುತ್ತಾ, "ತಾತ, ಈ ಲೈನಿಗೆ ಶಾಕ್ ಹೊಡೆಯದ ಹಾಗೆ ಇಎಲ್‌ಸಿಬಿ ಕೂಡ ಹಾಕಿದೀರಾ! ಎಲ್ಲಿ ಸಿಕ್ತು?" ಎಂದ.

ಫೋರ್ಮನ್ನರು ಕೆಮ್ಮಿದರು. ಬಚ್ಚಲಿನಿಂದ ಉತ್ತರ ಬಂತು.

"ಗೀಸರಿಂದು ಕಣಪ್ಪ. ಅದಿಲ್ಲದೆ ಗೀಸರ್ ಹಾಕೋದು ಡೇಂಜರ್ ಅಂತೆ, ನಿಮ್ ತಾತನೇ ಹೇಳಿದ್ದು. ಹುಳ ಬಂದಾಗಿಂದ ನಾನು ಸಿಪ್ಪೆ ಹಾಕಿ ಹಂಡೆ ಉರಿಸ್ತಾ ಇದೀನಿ. ರುಜು ಹಾಕೋಕೆ ಮುಂಚೆ ಅದನ್ನೂ ಬರ್ಕೋ."