ತೆಗ್ಗು ಒಬ್ಬರದು, ಕಸ ಊರಿನದು

ಕಲ್ಲು, ಕಸ ಎರಡರ ಬಗ್ಗೆಯೂ ಸಲಹೆ ಕೊಟ್ಟು ಹೊಟ್ಟೆ ಹೊರೆಯುವವನು ನಾನು ಎಂದರೆ ನಮ್ಮೂರು ಲಚ್ಯಾಣದಲ್ಲಿ ಯಾರೂ ನಂಬುವುದಿಲ್ಲ. ಕಲ್ಲು ಒಡೆಯುವವರಿದ್ದಾರೆ, ಕಸ ಬಳಿಯುವವರಿದ್ದಾರೆ. ಏನೂ ಮುಟ್ಟದೆ ಬರೀ ಕಾಗದ ಬರೆಯುವವನಿಗೆ ರೊಕ್ಕ ಯಾಕೆ ಎಂಬುದು ಬೇಲಿಯಾಚೆಯ ಕಾಕಾನ ಹಳೆಯ ಸಂಶಯ.

“ಅಲ್ಲೋ ತಮ್ಮಾ, ಕಲ್ಲು ಭೂಮ್ಯಾಗ ಐತಿ, ಕಸ ರಸ್ತೇದಾಗ ಐತಿ. ನಡಬರಕ ನಿಂದೇನ್ ಕೆಲಸ?”

ಸಂಶಯ ಕಾಕಾನೊಬ್ಬನದೇ ಅಲ್ಲ. ನನ್ನ ಲಗ್ನದ ಮಾತುಕತೆಯಲ್ಲಿ “ಹುಡುಗ ಖಣಿ ಕೆಲಸದಾಗ ಅದಾನ” ಅಂದಾಗ ಬೀಗರಾಗಬೇಕಿದ್ದವರ ಕಣ್ಣಮುಂದೆ ಬಳ್ಳಾರಿಯ ಗಣಿ ಧಣಿಗಳ ಹೆಲಿಕಾಪ್ಟರು ಇಳಿದಿತ್ತು. “ಜೋಡಿ ಕಸದ್ದೂ ನೋಡ್ತಾನ” ಅಂದ ಕೂಡಲೇ ಅದು ಹಾರಿಹೋಯಿತು. ಚಹಾ ಮಾತ್ರ ಸಿಕ್ಕಿತು.

ಕಾಕಾನಿಗೆ ನಾನು ಬಿಡಿಸಿ ಹೇಳಿದೆ. ಖಡಿ ಮಷೀನಿನ ಮಾಲಕನೊಬ್ಬ ಕರಿಕಲ್ಲು ತೆಗೆಯಬೇಕೆಂದರೆ ಹೊಲದಲ್ಲಿ ಹಿಟಾಚಿ ತಂದು ನಿಲ್ಲಿಸಿದರೆ ಮುಗಿಯಲಿಲ್ಲ. ಉತಾರ ಬೇಕು, ನಕಾಶೆ ಬೇಕು, ಹೊಲದ ಮೂಲೆ ಮೂಲೆಯ ಜಿಪಿಎಸ್ ಗುರುತು ಬೇಕು. ಹತ್ತಿರದ ಮನೆ ಎಷ್ಟು ದೂರ, ಬಾವಿ ಎಷ್ಟು ದೂರ, ಹಳ್ಳ ಎತ್ತ ಹರಿಯುತ್ತದೆ ಎಂಬ ಲೆಕ್ಕ ಬೇಕು. ಬಾಂದಿನಿಂದ 7.5 ಮೀಟರು ಬಿಟ್ಟು ಅಗೆಯಬೇಕು, ಗೋಡೆಯನ್ನು ನೆಟ್ಟಗೆ ಇಳಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಇದನ್ನೆಲ್ಲ ಕ್ವಾರಿ ಪ್ಲ್ಯಾನಿನಲ್ಲಿ ಬರೆದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೊಡಬೇಕು. ಐದು ಹೆಕ್ಟೇರಿಗಿಂತ ಸಣ್ಣ ಖಣಿಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದಿನಿಂದ ನಮ್ಮಂಥವರ ಮನೆಯ ಒಲೆ ಸ್ವಲ್ಪ ಜೋರಾಗಿಯೇ ಉರಿಯುತ್ತಿದೆ ಅನ್ನಿ.

ಆ ಪ್ಲ್ಯಾನಿನ ಕೊನೆಗೊಂದು ಅಧ್ಯಾಯ ಇರುತ್ತದೆ. ಕಲ್ಲು ತೀರಿದ ಮೇಲೆ ತೆಗ್ಗನ್ನು ಏನು ಮಾಡುತ್ತೀರಿ? ಬೇಲಿ ಹಾಕುತ್ತೇವೆ, ಸುತ್ತ ಗಿಡ ಹಚ್ಚುತ್ತೇವೆ, ಮಳೆನೀರು ನಿಲ್ಲಿಸುತ್ತೇವೆ. ಬರೆದವನನ್ನು ಬಿಟ್ಟರೆ ಅದನ್ನು ಓದಿದವರನ್ನು ನಾನು ಕಂಡಿಲ್ಲ. ಗಿರಾಕಿ ಕೇಳುವುದು “ಪರ್ಮಿಷನ್ ಯಾವಾಗ ಸಿಗತೈತ್ರಿ?” ಎಂಬುದೊಂದೇ.

ಆಮೇಲೆ ಆಗುವುದನ್ನು ಕಾಕಾ ನನಗಿಂತ ಚೆನ್ನಾಗಿ ಬಲ್ಲ. ಮೊದಲ ವರ್ಷ ಹಸಿರು ನೀರು, ನೀರಲ್ಲಿ ಎಮ್ಮೆ, ಎಮ್ಮೆಯ ಬೆನ್ನ ಮೇಲೆ ಹುಡುಗರು. ಅಂಚಿಗೆ ಬಳ್ಳಾರಿ ಜಾಲಿ ಏಳುತ್ತದೆ. ಒಂದು ರಾತ್ರಿ ಯಾರೋ ಕೋಳಿ ಅಂಗಡಿಯ ಪುಕ್ಕದ ಚೀಲ ಎಸೆದು ಹೋಗುತ್ತಾರೆ. ಮುಂದೆ ಮಂಗಲ ಕಾರ್ಯಾಲಯದ ಎಂಜಲು ತಟ್ಟೆ, ಕೆಡವಿದ ಮನೆಯ ಹೆಂಟೆ, ಕೂಸುಗಳ ಡೈಪರು. ವರ್ಷ ಕಳೆಯುವುದರೊಳಗೆ ಟ್ರ್ಯಾಕ್ಟರು ಹಗಲು ಹೊತ್ತಿನಲ್ಲೇ ಬರುತ್ತದೆ. ಇದು ಹಳ್ಳಿಯ ಕಥೆ ಮಾತ್ರ ಅಲ್ಲ. ಬೆಂಗಳೂರೂ ತನ್ನ ಕಸವನ್ನು ಬೆಳ್ಳಹಳ್ಳಿ, ಮಿಟಗಾನಹಳ್ಳಿಯ ಹಳೆ ಕ್ವಾರಿಗಳಿಗೆ ಸುರಿದ ಊರೇ.

“ತೆಗ್ಗ ತುಂಬಿದ್ರ ಛಲೋನ ಆತಲ್ಲ?” ಅಂದ ಕಾಕಾ.

ಛಲೋ ಆಗಬಹುದು, ಮೊದಲೇ ವಿಚಾರ ಮಾಡಿದ್ದರೆ. ಇಂಗ್ಲೆಂಡಿನಲ್ಲಿ ಕಲ್ಲಿನ ಖಣಿಗೂ ಕಸದ ತಾಣಕ್ಕೂ ಜಾಗದ ಅನುಮತಿ ಕೊಡುವುದು ಬಹಳ ಕಡೆ ಒಂದೇ ಕೌಂಟಿ ಕೌನ್ಸಿಲು. ತೆಗ್ಗು ತೋಡುವವನಿಗೆ ಅನುಮತಿ ಕೊಡುವಾಗಲೇ ಅದನ್ನು ಯಾವುದರಿಂದ ತುಂಬುವುದು ಎಂದೂ ಕೇಳುತ್ತಾರೆ. ನಮ್ಮಲ್ಲಿ ಕಲ್ಲು ಒಂದು ಇಲಾಖೆ, ಕಸ ಇನ್ನೊಂದು. ತೆಗ್ಗು ಮಾತ್ರ ಯಾವ ಇಲಾಖೆಯದೂ ಅಲ್ಲ.

ಕಸವನ್ನು ಸುಮ್ಮನೆ ಸುರಿದರೆ ಏನಾಗುತ್ತದೆಂದು ತಿಳಿಯಲು ನಮ್ಮ ಕಡೆಯ ಯಾವುದಾದರೂ ಹಳೆ ಬಾವಿಯೊಳಗೆ ಬಗ್ಗಿ ನೋಡಬೇಕು. ಮೇಲೆ ಎರಿ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು, ಕೆಲವು ಕಡೆ ನಡುವೆ ಇಟ್ಟಂಗಿ ಬಣ್ಣದೊಂದು ಪಟ್ಟಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು, ಆರಿ, ಮತ್ತೆ ಹರಿದದ್ದರ ಗುರುತು ಅದು. ಕಲ್ಲು ಗಟ್ಟಿ ಹೌದು, ಆದರೆ ಸೀಳು ಬಹಳ. ಬಾವಿಗೆ ಸೆಲೆ ಬರುವುದೇ ಆ ಸೀಳಿನಿಂದ. ಕೊಳೆತ ಕಸದ ರಸ ಬರುವುದೂ ಅದೇ ದಾರಿಯಲ್ಲಿ. ಕಸ ಹೂಳುವ ಜಾಗ ಮನೆಯಿಂದ, ಕೆರೆಯಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರು, ನದಿಯಿಂದ 100 ಮೀಟರು ದೂರ ಇರಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿದ್ದು ಸುಮ್ಮನೆ ಅಲ್ಲ.

ಆ ಕಲ್ಲಿನ ಗಟ್ಟಿತನವನ್ನು ನಮ್ಮೂರು ಕಣ್ಣಾರೆ ಕಂಡಿದೆ. 2024ರ ಏಪ್ರಿಲ್ 3ರ ಸಂಜೆ ಬಾಯಿ ಮುಚ್ಚದೆ ಬಿಟ್ಟಿದ್ದ ಕೊಳವೆಬಾವಿಗೆ ಎಳೆಗೂಸೊಂದು ಬಿತ್ತು. ಪಕ್ಕದಲ್ಲಿ ಇನ್ನೊಂದು ತೆಗ್ಗು ತೋಡಿ ಅಡ್ಡಕ್ಕೆ ಕೊರೆದು ತಲುಪಲು ಇದೇ ಕಲ್ಲು ಅಡ್ಡ ಬಂತು. ರಾತ್ರಿಯೆಲ್ಲ ಕೆಲಸ ನಡೆದು ಮರುದಿನ ಮಧ್ಯಾಹ್ನ ಕೂಸು ಜೀವಂತ ಹೊರಬಂದಾಗ ನೆರೆದ ಮಂದಿಯೆಲ್ಲ ಊರಿನ ಆರಾಧ್ಯ ಸಿದ್ಧಲಿಂಗ ಮಹಾರಾಜರಿಗೆ ಕೈಮುಗಿದರು. ಕೊರೆದ ಬಾವಿಗೆ ಮುಚ್ಚಳ ಹಾಕಿ, ಕೈಬಿಟ್ಟದ್ದನ್ನು ನೆಲಮಟ್ಟಕ್ಕೆ ತುಂಬಿ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಆರಂಗುಲದ ತೂತಾದರೂ ಅದು ಖಣಿಯೇ. ಅದಕ್ಕೂ ಕೊನೆಯ ಅಧ್ಯಾಯ ಇದೆ, ಅದನ್ನೂ ಓದುವವರಿಲ್ಲ.

ಅಷ್ಟರಲ್ಲಿ ಹೋಟಗಿ ಕಡೆಯಿಂದ ಕಲ್ಲಿದ್ದಲ ಗಾಡಿ ಬಂತು. ಅದು ದಾಟುವವರೆಗೆ ಹರಟೆ ಬಂದ್. ನಮ್ಮ ಸ್ಟೇಶನ್ ದಾಟಿ ಅದು ಹೋಗುವುದು ಬಸವನ ಬಾಗೇವಾಡಿ ಕಡೆಯ ಕೂಡಗಿಗೆ, ಎನ್‌ಟಿಪಿಸಿಯ 2,400 ಮೆಗಾವ್ಯಾಟಿನ ಸ್ಥಾವರಕ್ಕೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಶೇ. 30ರಿಂದ 40. ಅಂದರೆ ಮೂರು ಗಾಡಿ ಕಲ್ಲಿದ್ದಲು ಉರಿದರೆ ಹೆಚ್ಚುಕಡಿಮೆ ಒಂದು ಗಾಡಿ ಬೂದಿ. 2021ರ ಡಿಸೆಂಬರ್ 31ರ ಕೇಂದ್ರದ ಅಧಿಸೂಚನೆಯ ಪ್ರಕಾರ ಆ ಬೂದಿ ಪೂರ್ತಿ ಬಳಕೆಯಾಗಬೇಕು: ಸಿಮೆಂಟಿಗೆ, ಇಟ್ಟಂಗಿಗೆ, ರಸ್ತೆಗೆ, ಹಳೆ ಖಣಿ ತುಂಬುವುದಕ್ಕೆ.

ಕಾಕಾನಿಗೆ ಇದು ಬಹಳ ಹಿಡಿಸಿತು. “ಹಂಗಾರ ಆ ಬೂದಿ ತಂದು ಈ ತೆಗ್ಗಿಗಿ ಸುರೀರಿ. ನಿಂದೂ ಕೆಲಸ ಮುಗೀತು, ಅವರ್ದೂ ಮುಗೀತು!”

“ಬೂದ್ಯಾಗ ಪಾದರಸ, ಆರ್ಸೆನಿಕ್ ಇರತಾವ್ರಿ ಕಾಕಾ. ತಳಕ್ಕ ಏನೂ ಹಾಸದ ಸುರಿದ್ರ ಮಳಿಗಾಲದಾಗ ನಿಮ್ಮ ನಿಂಬಿ ತ್ವಾಟದ ಬಾವಿಗಿ ಬರತಾವ. ಯಾವ ತೆಗ್ಗಿಗಿ ಬೂದಿ ನಡೀತೈತಿ, ಯಾವುದಕ್ಕ ಬರೇ ಮಣ್ಣು, ಯಾವುದನ್ನ ಕೆರಿ ಮಾಡಿ ಬಿಡಬೇಕು ಅಂತ ನೋಡಿ ಹೇಳೂದಕ್ಕ ನಂಗ ರೊಕ್ಕ ಕೊಡತಾರ.”

ಕಾಕಾ ಬೇಲಿಯ ಮುಳ್ಳಿಗೆ ಸಿಕ್ಕ ಧೋತರ ಬಿಡಿಸಿಕೊಂಡು, “ಕಮ್ಮೀನ ಕೊಡತಾರ ಬಿಡು” ಅಂದ. ಅಷ್ಟು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಸರ್ಟಿಫಿಕೇಟು.

ಓದುಗರಲ್ಲಿ ಒಂದೇ ವಿನಂತಿ. ನಿಮ್ಮೂರ ಹದ್ದಿನಲ್ಲಿ ಖಣಿಗೆ ಪರಿಸರ ಅನುಮತಿ ಸಿಕ್ಕರೆ ಆ ಪತ್ರದ ಪ್ರತಿ ಗ್ರಾಮ ಪಂಚಾಯತಿಗೆ ಬರಬೇಕು, ಪಂಚಾಯತಿ ಅದನ್ನು 30 ದಿನ ಎಲ್ಲರಿಗೂ ಕಾಣುವಂತೆ ಹಚ್ಚಬೇಕು ಎಂಬುದು ನಿಯಮ. ಹಚ್ಚಿರದಿದ್ದರೆ ಪಿಡಿಒ ಅವರನ್ನು ಕೇಳಿ. ಹಚ್ಚಿದ್ದರೆ ಓದಿ, ಕೊನೆಯ ಪುಟದಿಂದ ಶುರುಮಾಡಿ.