ಕೌದಿಯೊಳಗಿನ ಆಕಾಶವಾಣಿ

ಮಾಸ್ತರನ ಮಾತನ್ನು ಶಾಲೆ ಕೇಳುತ್ತದೆ, ಊರು ಕೇಳುತ್ತದೆ, ಚುನಾವಣೆ ಬಂದರೆ ಮತಗಟ್ಟೆಯೂ ಕೇಳುತ್ತದೆ, ಮನೆಯೊಂದು ಕೇಳುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮಾಸ್ತರಂದಿರು ತರಬೇತಿಗೆಂದು ಒಂದೆಡೆ ಸೇರಿದಾಗ, ಚಹಾದ ಹೊತ್ತಿನಲ್ಲಿ ತಕರಾರಿಲ್ಲದೆ ಪಾಸಾಗುವ ಠರಾವು ಇದೊಂದೇ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಬೆಳಗಾವಿ ಜಿಲ್ಲೆಯ ಒಂದು ತಾಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದೇ ಒಂದು ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಬೆಳಗಾವಿಗೊಂದು ಸ್ಥಾನ, ನಮಗೊಂದು ಸ್ಥಾನ. ಒಂದು ಕಡೆ ಜಿಲ್ಲೆ, ಇನ್ನೊಂದು ಕಡೆ ತಾಲೂಕು ಆಗಿ ಬದುಕುವ ಕಷ್ಟ ನನಗೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿಡುವ ಆಸಾಮಿ.

ಹೀಗಿರುವಾಗ ತರಬೇತಿಯೊಂದರಲ್ಲಿ ‘ಪಾಡ್‌ಕಾಸ್ಟ್’ ಎಂಬುದರ ಬಗ್ಗೆ ಹೇಳಿದರು. ಪಾಠವನ್ನು ಮೊಬೈಲಿನಲ್ಲಿ ಮಾತಾಡಿ ಇಟ್ಟರೆ ಸಾಕು, ಮಕ್ಕಳು ಬೇಕಾದಾಗ ಕೇಳಬಹುದು, ಬೇಕಾದಷ್ಟು ಸಲ ಕೇಳಬಹುದು. ಎಲ್ಲರೂ ಮಕ್ಕಳ ಕಲಿಕೆಯ ಬಗ್ಗೆ ಟಿಪ್ಪಣಿ ಬರೆದುಕೊಂಡರು. ನನ್ನ ತಲೆಯಲ್ಲಿ ಓಡಿದ ವಿಚಾರವೇ ಬೇರೆ: ನಡುವೆ ಬಾಯಿ ಹಾಕುವವರಿಲ್ಲದೆ ಪೂರ್ತಿ ಒಂದು ವಾಕ್ಯ ಮುಗಿಸುವ ಯೋಗ ಇಷ್ಟು ವರ್ಷಗಳ ಸಂಸಾರದ ನಂತರ ಕೂಡಿ ಬಂತಲ್ಲ!

ಮನೆಗೆ ಬಂದು ವಿಷಯ ಮಂಡಿಸಿದೆ. ನಮ್ಮಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

“ಮಾತಾಡ್ರಿ, ಯಾರ್ ಬ್ಯಾಡಂದಾರ? ಆದ್ರ ನಳಾ ಬರೂ ಹೊತ್ತಿಗೆ ಹೊರಗ ಬರ್ರಿ.”

ಅವ್ವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಆಕೆಯ ಪಾಲಿಗೆ ಹಿರಿಯ ಸಂಬಂಧಿ. ಧಾರವಾಡ ಗೊರಗೊರ ಎಂದಾಗ ಮುಳ್ಳು ತಿರುಗಿಸಿ ಸಾಂಗ್ಲಿ ಕೇಳುವುದು ಗಡಿಭಾಗದವರ ಹಳೇ ರೂಢಿ. “ರೇಡಿಯೋದಾಗ ಮಾತಾಡೂ ಮಂದಿಗೆ ಪಗಾರ ಕೊಡ್ತಾರ. ನಿನಗ ಏನ್ ಕೊಡ್ತಾರ?” ಎಂದಳು. ಆತ್ಮತೃಪ್ತಿ ಎಂದೆ. “ಅದನ್ನ ಕಿರಾಣಿ ಅಂಗಡ್ಯಾಗ ತಗೋತಾರೇನು?” ಎಂಬುದು ಮುಂದಿನ ಪ್ರಶ್ನೆ.

ಹೊಸದಲ್ಲ ಎಂಬ ಅವ್ವನ ಮಾತು ಸುಳ್ಳೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ನಮ್ಮ ಅಥಣಿಯ ಗಡಿಗೆ ಹತ್ತಿದ ಆಗಿನ ಬಿಜಾಪುರ ಜಿಲ್ಲೆಯಲ್ಲೂ, ಗುಲಬರ್ಗಾ ಮತ್ತು ರಾಯಚೂರಿನಲ್ಲೂ ಉಪಗ್ರಹದ ಮೂಲಕ ಹಳ್ಳಿಯ ಟಿವಿಗೆ ಪಾಠ ಬಂದಿತ್ತು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಆ ‘ಸೈಟ್’ ಪ್ರಯೋಗದಲ್ಲಿ ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೇ ಮೀಸಲು. ಆಮೇಲೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯವರ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ರೇಡಿಯೋ ಪಾಠಗಳು ಬಂದವು. 2017ರಲ್ಲಿ ‘ದೀಕ್ಷಾ’ ಎಂಬ ಡಿಜಿಟಲ್ ಪಾಠಗಳ ವೇದಿಕೆ ಬಂತು. ಪಠ್ಯಪುಸ್ತಕದ ಮೂಲೆಯಲ್ಲಿ ಕ್ಯೂಆರ್ ಕೋಡಿನ ಕರಿ ಚೌಕ ಕೂತಿತು. 2020ರಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂತು, ಗುಡಿಯ ಪೌಳಿಯಲ್ಲಿ, ಮರದ ಕೆಳಗೆ ‘ವಿದ್ಯಾಗಮ’ದ ತರಗತಿ ನಡೆಯಿತು. ಇಷ್ಟೆಲ್ಲ ಆಗುವಾಗ ಮೈಕಿನ ಮುಂದೆ ಕೂಡಲು ಯಾರೂ ಕರೆಯದೆ ಉಳಿದವನು ನಾನು.

ನಾನು ಹುರುಪಿನಿಂದ ಇನ್ನೊಂದು ಉದಾಹರಣೆ ಕೊಟ್ಟೆ. ಪಕ್ಕದ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತ್‌ಸಿಂಹ ಡಿಸಲೆ ಎಂಬ ಶಿಕ್ಷಕರು ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಹಚ್ಚಿ, ಅದರೊಳಗೆ ಪದ್ಯದ ಧ್ವನಿ, ಕಥೆ, ವಿಡಿಯೋ ಪಾಠ ಇಟ್ಟರು. ಅಲ್ಲಿನ ಮಕ್ಕಳ ಮನೆಮಾತು ಕನ್ನಡ, ಅದಕ್ಕಾಗಿ ಅವರು ಕನ್ನಡ ಕಲಿತರು ಎಂದು ಮುಂದೆ ಅವರಿಗೆ ಪ್ರಶಸ್ತಿ ಕೊಟ್ಟವರೇ ಹೇಳಿದ್ದಾರೆ. 2020ರ ಡಿಸೆಂಬರಿನಲ್ಲಿ ಅವರಿಗೆ 10 ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಸಿಕ್ಕಿತು. ಅರ್ಧ ಹಣವನ್ನು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚುವೆನೆಂದರು.

ರೊಟ್ಟಿ ಬಡಿಯುವ ಸದ್ದು ಮೊದಲ ಸಲ ನಿಂತಿತು. “ನಿಮಗ ಬಂದ್ರ, ಹಂಚೂಕಿಂತ ಮೊದಲ ನನ್ನ ಒಂದ್ ಮಾತ್ ಕೇಳ್ರಿ,” ಎಂದು ನಮ್ಮಾಕಿ ಅನುಮತಿ ಕೊಟ್ಟಳು.

ಆರಿಸಿಕೊಂಡದ್ದು ಒಂಬತ್ತನೇ ತರಗತಿಯ ‘ಶಬ್ದ’ದ ಪಾಠ. ಸಭಾಂಗಣದಲ್ಲಿ ಗೋಡೆಗೆ ಬಡಿದು ಮರಳುವ ಸದ್ದನ್ನು ಹೀರಲು ಮೆತ್ತನೆಯ ಪರದೆ, ಒರಟು ಗಿಲಾವು ಬೇಕು ಎಂದು ಆ ಪಾಠವೇ ಹೇಳುತ್ತದೆ. ಪರದೆ ತರಲು ದುಡ್ಡಿಲ್ಲ, ಗಿಲಾವು ಮಾಡಿಸಲು ಧೈರ್ಯವಿಲ್ಲ. ಮನೆಯಲ್ಲಿ ಇದ್ದದ್ದು ಅವ್ವ ಹೊಲಿದ ಕೌದಿ. ಆಕೆಯ ಹಳೇ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಕಾಲೇಜಿನ ಅಂಗಿ, ಎಲ್ಲ ಪದರ ಪದರವಾಗಿ ಅದರಲ್ಲಿವೆ. ಹಾಸಿಗೆಯ ಮೇಲೆ ಕೂತು, ಕೌದಿ ಮುಸುಕು ಹಾಕಿಕೊಂಡು, ಮೊಬೈಲನ್ನು ಬಾಯಿಗೆ ಹಿಡಿದು ಶುರು ಮಾಡಿದೆ: “ಪ್ರೀತಿಯ ವಿದ್ಯಾರ್ಥಿಗಳೇ...”

ಏಪ್ರಿಲ್ ತಿಂಗಳಿನಲ್ಲಿ ಕೌದಿಯೊಳಗೆ ವಿಜ್ಞಾನ ಹೇಳುವುದು ಎಂತಹ ತಪಸ್ಸು ಎಂಬುದನ್ನು ಮಾಡಿದವನೇ ಬಲ್ಲ. ಓಣಿಯಲ್ಲಿ ಸುದ್ದಿ ಬೇರೆಯೇ ಹಬ್ಬಿತು. ಮಾಸ್ತರ್ರು ಹಾಡಾಹಗಲು ಕೌದಿ ಹೊಚ್ಚಿಕೊಂಡು ಬಡಬಡಿಸುತ್ತಾರೆ, ಚಳಿಜ್ವರ ತಲೆಗೇರಿದೆ ಎಂದು ಎದುರು ಮನೆಯವರು ಕಷಾಯ ಕಳಿಸಿದರು. ಹಿಂದಿನ ಮನೆಯ ಮುದುಕಿ, ಇದು ಕಷಾಯಕ್ಕೆ ಬಗ್ಗುವುದಲ್ಲ ಎಂದು ಲಿಂಬಿಹಣ್ಣು ನಿವಾಳಿಸಿ ಹೋದಳು. ಎರಡನ್ನೂ ಸ್ವೀಕರಿಸಿದೆ; ಕಷಾಯ ಗಂಟಲಿಗೆ ಒಳ್ಳೆಯದು, ಲಿಂಬಿಹಣ್ಣು ಪಾನಕಕ್ಕೆ.

ಅದೇ ಪಾಠದಲ್ಲಿ ಪ್ರತಿಧ್ವನಿಯ ಲೆಕ್ಕ ಬರುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 344 ಮೀಟರ್ ಓಡುತ್ತದೆ. ಆಡಿದ ಮಾತು, ಮರಳಿದ ಮಾತು ಎರಡೂ ಬೇರೆ ಬೇರೆ ಕೇಳಬೇಕಾದರೆ ನಡುವೆ 0.1 ಸೆಕೆಂಡ್ ಬೇಕು. ಅಂದರೆ ಎದುರಿನ ಗೋಡೆ ಕಡಿಮೆ ಎಂದರೂ 17.2 ಮೀಟರ್ ದೂರ ಇರಬೇಕು. ನಮ್ಮದು ಅಷ್ಟು ದೊಡ್ಡ ಮನೆಯಲ್ಲ. ಇಲ್ಲಿ ಪ್ರತಿಧ್ವನಿ ಹುಟ್ಟುವುದಿಲ್ಲ, ಪ್ರತ್ಯುತ್ತರ ಹುಟ್ಟುತ್ತದೆ. ಅದಕ್ಕೆ 0.1 ಸೆಕೆಂಡೂ ಬೇಕಾಗುವುದಿಲ್ಲ.

ಧ್ವನಿ ಮುದ್ರಿಸಿದ್ದನ್ನು ತಿದ್ದುವ ಕೆಲಸ ಮಗಳದು. ಕಾಲೇಜಿಗೆ ಹೋಗುವ ಹುಡುಗಿ, ಸಂಭಾವನೆ ಮೊಬೈಲ್ ರೀಚಾರ್ಜು. ಒಂದು ಪಿರಿಯಡ್ಡಿನಷ್ಟು ಉದ್ದದ ನನ್ನ ಪಾಠವನ್ನು ಕಿವಿಗೆ ಹಾಕಿಕೊಂಡು ಕೂತವಳು, ಕಣ್ಣು ಮಿಟುಕಿಸದೆ ಕೊಯ್ಲು ಶುರು ಮಾಡಿದಳು. ನನ್ನ “ತಿಳೀತಿಲ್ರೋ?” ಎಲ್ಲ ಹೋದವು. “ಹಂಗಾದ್ರ ಈಗ ಏನಾತಪಾ ಅಂದ್ರ” ಹೋದವು. “ನಮ್ಮ ಕಾಲದಾಗ” ಎಂದು ಶುರುವಾದ ಭಾಗ ಬುಡಸಮೇತ ಹೋಯಿತು. ಉಳಿದದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿನ ಪಾಠ.

“ಪಪ್ಪಾ, ಪಾಠ ಇದ್ದದ್ದ ಇಷ್ಟ. ಉಳಿದದ್ದೆಲ್ಲಾ ನೀನ ಇದ್ದಿ,” ಎಂದಳು.

ಬರಹದ ಪ್ರತಿಯೂ ಇರಲಿ ಎಂದು ಮಾತನ್ನು ಅಕ್ಷರವಾಗಿಸುವ ಆ್ಯಪೊಂದಕ್ಕೆ ಅದೇ ಧ್ವನಿ ಕೊಟ್ಟೆವು. “ಹುಡುಗೂರು ಓದಾಕತ್ತಾವು” ಎಂದಿದ್ದೆ. ಅದು ನನ್ನ ಉಚ್ಚಾರವನ್ನು ಗೌರವದಿಂದ ಕೇಳಿಸಿಕೊಂಡು “ಹುಡುಗರು ಓದ ಕತ್ತೆ ಹಾವು” ಎಂದು ಬರೆದುಕೊಟ್ಟಿತು. ನಮ್ಮ ಒಂಬತ್ತನೇ ತರಗತಿಯನ್ನು ನೋಡಿದವರು ಇದನ್ನು ಪೂರ್ತಿ ತಪ್ಪು ಎನ್ನಲಾರರು.

ಮಗಳು ಕತ್ತರಿಸಲಾಗದೆ ಬಿಟ್ಟದ್ದು ಒಂದೇ ಜಾಗ. ರೇಡಿಯೋ ಪಾಠದಲ್ಲಿ ಒಂದು ಜಾಣತನ ಇತ್ತು: ಪ್ರಶ್ನೆ ಕೇಳಿ ರೇಡಿಯೋ ಸುಮ್ಮನಾಗುತ್ತಿತ್ತು, ತರಗತಿಯ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಿದ ಮೇಲೆ ಮುಂದೆ ಹೋಗುತ್ತಿತ್ತು. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ರೇಡಿಯೋದಿಂದ ಗಣಿತ ಕಲಿಸುವಾಗ ಬೆಳೆದ ಪದ್ಧತಿ ಅದು. ನಮ್ಮ ‘ಚಿನ್ನರ ಚುಕ್ಕಿ’ಯೂ ಅದೇ ದಾರಿ ಹಿಡಿದಿತ್ತು. ನಾನೂ ಹಾಗೇ ಮಾಡಿದ್ದೆ. “ಶಬ್ದ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಬೇಕಾದರೆ ಏನು ಬೇಕು?” ಎಂದು ಗಂಭೀರವಾಗಿ ಕೇಳಿ ಸುಮ್ಮನಾಗಿದ್ದೆ. ಆ ಮೌನದೊಳಗೆ ಅಡಿಗೆಮನೆಯಿಂದ ಅವ್ವನ ಧ್ವನಿ ಸ್ಪಷ್ಟವಾಗಿ ಕೇಳಿಬರುತ್ತದೆ: “ಬಳ್ಳೊಳ್ಳಿ ಬೇಕು, ಒಂದೀಟ ಹುಣಸಿಹಣ್ಣ ಬೇಕು.” ಹಿಂದೆಯೇ ಕುಕ್ಕರಿನ ಸೀಟಿ.

ತರಗತಿಯಲ್ಲಿ ಈ ಪಾಠವನ್ನು ಹಾಕಿದ ದಿನ ಸ್ಮಾರ್ಟ್ ಕ್ಲಾಸಿನ ದೊಡ್ಡ ಟಿವಿ ಕರೆಂಟಿಲ್ಲದೆ ಮಲಗಿತ್ತು. ಜೇಬಿನಲ್ಲಿ ಹಿಡಿಯುವ ಬ್ಲೂಟೂತ್ ಸ್ಪೀಕರ್ ಕೆಲಸಕ್ಕೆ ಬಂತು. ಬಳ್ಳೊಳ್ಳಿಯ ಜಾಗ ಬಂದಾಗ ತರಗತಿ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಹಾಜರಿ ಕರೆದಾಗ ಬಿಟ್ಟರೆ ಬಾಯಿ ಬಿಡದವನು.

“ಸರ್ರ, ಆಯಿ ಅಡಗಿಮನ್ಯಾಗ ಮಾತಾಡಿದ್ದು ಗ್ವಾಡಿ ದಾಟಿ, ಕೌದಿ ದಾಟಿ ಬಂದೈತಿ. ಅಂದ್ರ ಶಬ್ದಾ ಗಾಳ್ಯಾಗಷ್ಟ ಅಲ್ಲ, ಗ್ವಾಡ್ಯಾಗೂ ಹೋಕ್ಕೈತಿ, ಹೌದಲ್ರಿ?”

ಘನ, ದ್ರವ, ಅನಿಲ ಮೂರೂ ಮಾಧ್ಯಮಗಳಲ್ಲಿ ಶಬ್ದ ಪ್ರಸಾರವಾಗುತ್ತದೆ ಎಂದು ನಾನು ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದಿದ್ದೇನೆ. ಯಾರೂ ಎದ್ದು ನಿಂತಿರಲಿಲ್ಲ. ಅವ್ವನ ಒಗ್ಗರಣೆಗೆ ಒಬ್ಬ ಎದ್ದು ನಿಂತ.

ಸುದ್ದಿ ಐದು ತಾಲೂಕಿನ ವಿಜ್ಞಾನ ಮಾಸ್ತರರ ವಾಟ್ಸಾಪ್ ಗುಂಪಿಗೆ ಹೋಯಿತು. ಎಲ್ಲರ ಮನೆಯ ಕಥೆಯೂ ಒಂದೇ. ಸದ್ದು ಮಾತ್ರ ಬೇರೆ. ನಿಪ್ಪಾಣಿಯವರ ಪಾಠದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಲಾರಿ ಹಾರ್ನು. ರಾಯಬಾಗದವರು ಭಾರತ ಹುಣ್ಣಿಮೆಯ ಸುಮಾರಿಗೆ ಮುದ್ರಿಸಿದ್ದರು, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊಂಟವರ ಡೊಳ್ಳು ತುಂಬಿತ್ತು. ಅಥಣಿಯವರ ಮನೆ ಹಿಂದೆ ದ್ರಾಕ್ಷಿ ತೋಟ, ಔಷಧ ಹೊಡೆಯುವ ಬ್ಲೋವರು ಭರ್ರೆನ್ನುತ್ತಿತ್ತು. ಕಾಗವಾಡದವರದರಲ್ಲಿ ಸಕ್ಕರೆ ಕಾರ್ಖಾನೆಯ ಭೋಂಗಾ. ನನ್ನದರಲ್ಲಿ ಡಬಲ್ ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಮೇಲೆ ಅರ್ಧ ಕನ್ನಡ ಅರ್ಧ ಮರಾಠಿಯ ಹಾಡು, ಅದು ದಾಟುತ್ತಲೇ “ಭಂಗಾರ ಸಾಮಾನ...” ಎಂದು ಕೂಗುವ ಗಾಡಿ.

ಅವನ್ನೆಲ್ಲ ತರಗತಿಯಲ್ಲಿ ಒಂದರ ಹಿಂದೊಂದು ಹಾಕಿ, ಯಾವುದು ಯಾವ ತಾಲೂಕು ಹೇಳಿ ಎಂದು ಮಕ್ಕಳನ್ನು ಕೇಳಿದೆ. ಒಂದೂ ತಪ್ಪಲಿಲ್ಲ. ಡೊಳ್ಳಿನ ಚರ್ಮ ನಡುಗುವುದೇ ಕಂಪನ, ಭೋಂಗಾದ ಸಣ್ಣ ಧ್ವನಿಗೆ ಆವೃತ್ತಿ ಹೆಚ್ಚು, ಡೊಳ್ಳಿನ ದಪ್ಪ ಧ್ವನಿಗೆ ಕಡಿಮೆ ಎಂದು ಹೇಳುತ್ತ ಹೋದರೆ ಅರ್ಧ ಪಾಠ ತಾನೇ ಮುಗಿದಿತ್ತು. ಅಷ್ಟರಲ್ಲಿ ಒಬ್ಬಳು ಎದ್ದಳು: “ಸರ್ರ, ನಿಪ್ಪಾಣಿ ಲಾರಿ ಹಾರ್ನ್ ಬರೂ ಮುಂದ ಸಣ್ಣ, ದಾಟಿ ಹೋಗೂ ಮುಂದ ದಪ್ಪ ಯಾಕ ಕೇಳಸ್ತೈತ್ರಿ?”

ಪಠ್ಯಪುಸ್ತಕದಲ್ಲಿ ಇದು ಇಲ್ಲ. ಉತ್ತರ ಡಾಪ್ಲರ್ ಪರಿಣಾಮ. ಸದ್ದು ಮಾಡುವ ವಸ್ತು ನಮ್ಮತ್ತ ಬರುವಾಗ ಅಲೆಗಳು ಒತ್ತೊತ್ತಾಗಿ ಕಿವಿ ಸೇರುತ್ತವೆ, ದೂರ ಹೋಗುವಾಗ ವಿರಳವಾಗುತ್ತವೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಇದನ್ನು ಹೇಳಿದ. 1845ರಲ್ಲಿ ನೆದರ್‌ಲ್ಯಾಂಡ್ಸಿನ ಬೈಸ್ ಬಾಲೋಟ್ ಎಂಬಾತ ರೈಲಿನಲ್ಲಿ ತುತ್ತೂರಿಯವರನ್ನು ಕೂಡಿಸಿ, ಹಳಿಯ ಪಕ್ಕದಲ್ಲಿ ಕಿವಿ ಪಳಗಿದವರನ್ನು ನಿಲ್ಲಿಸಿ ಪರೀಕ್ಷಿಸಿದ. ಬ್ಯಾಂಡಿನವರಿಲ್ಲದೆ ಅಲ್ಲೂ ಕಾರ್ಯ ಸಾಗಲಿಲ್ಲ ಎಂಬುದನ್ನು ಮಕ್ಕಳು ಬಹಳ ಮೆಚ್ಚಿದರು.

ಈಗ ಕೌದಿಯ ಕೆಲಸ ಮುಗಿದಿದೆ. ಬಾಗಿಲು ತೆರೆದಿಟ್ಟೇ ಮುದ್ರಿಸುತ್ತೇನೆ. ನಮ್ಮಾಕಿ ಇದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿದ್ದಾಳೆ: “ನಿಮ್ಮ ಪಾಠಾ ನಡ್ಯೂದು ನಮ್ಮ ಗದ್ದಲದಿಂದ. ಪ್ರಶಸ್ತಿ ಬಂದ್ರ ಅತ್ತೀ ಹೆಸರಿಗೆ ಬರಬೇಕು.” ಅವ್ವ ಆಗಲೇ ಮುಂದಿನ ಪಾಠಕ್ಕೆ ಕುಕ್ಕರ್ ಎಷ್ಟೊತ್ತಿಗೆ ಇಡಲಿ ಎಂದು ಕೇಳುತ್ತಾಳೆ.

ಇದನ್ನು ಹೇಗೆ ಮಾಡುವುದು ಎಂದು ಕೇಳುವ ಮಾಸ್ತರರಿಗೆ ಇಷ್ಟು ಹೇಳಬಲ್ಲೆ. ನಮ್ಮ ಮಕ್ಕಳ ಮನೆಯ ಮೊಬೈಲು ಹಗಲೆಲ್ಲ ಅಪ್ಪನ ಜೊತೆ ಕಬ್ಬಿನ ಗದ್ದೆಯಲ್ಲಿರುತ್ತದೆ, ಸಂಜೆ ಮನೆಗೆ ಬರುವಾಗ ಡೇಟಾ ಮುಗಿದಿರುತ್ತದೆ. ಅಂಥಲ್ಲಿ ವಿಡಿಯೋಕ್ಕಿಂತ ಧ್ವನಿ ಪಾಠವೇ ಲೇಸು. ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಉಳಿಸಿದರೆ 5 ನಿಮಿಷದ ಪಾಠಕ್ಕೆ 2.4 ಎಂಬಿ ಸಾಕು. ಐದು ನಿಮಿಷ ದಾಟಿಸಬೇಡಿ. ಮಕ್ಕಳು ಆಡುವ ಮಾತಿನಲ್ಲೇ ಹೇಳಿ. ಕೇಳಿಸುವಾಗ ನೀವು ತರಗತಿಯಲ್ಲೇ ಇರಿ; ಸ್ಪೀಕರ್ ಹಚ್ಚಿ ಸ್ಟಾಫ್ ರೂಮಿಗೆ ಹೋದರೆ ಅದು ಪಾಠವಲ್ಲ, ಸಂತೆಯ ಜಾಹೀರಾತು.

ಮುಖ್ಯವಾಗಿ, ಪ್ರಶ್ನೆ ಕೇಳಿ ಸುಮ್ಮನಿರಿ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿ ಮುದ್ರಿಸಿ ಅಳೆದು ನೋಡಿದರು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ. ಮೈಕು, ಆ್ಯಪು, ಸ್ಪೀಕರು ಯಾವುದನ್ನು ಬೇಕಾದರೂ ಕೊಳ್ಳಬಹುದು. ಆ ಮೂರು ಸೆಕೆಂಡನ್ನು ಮಾತ್ರ ಮಾಸ್ತರನೇ ತನ್ನ ಮಾತಿನಿಂದ ಕಡಿತ ಮಾಡಿ ಕೊಡಬೇಕು.